ಎರಡನೆಯ ಯಂತ್ರ

ಡಬ್ಬಿಯಮ್ಮ ಒಂದು ಕೊಡೆ ಕೊಳ್ಳಬೇಕಾದರೂ ಹತ್ತು ಜನರನ್ನು ಕೇಳುತ್ತಾಳೆ. ಮಗಳನ್ನು ಕೇಳುತ್ತಾಳೆ, ಪಕ್ಕದ ಮನೆಯವಳನ್ನು ಕೇಳುತ್ತಾಳೆ, ಕಡೆಗೆ ಅಂಗಡಿಯವನನ್ನೇ "ನೀವಾಗಿದ್ರೆ ತಗೋತಿದ್ರಾ?" ಎನ್ನುತ್ತಾಳೆ. ಅವನು ಬೇಡ ಎನ್ನುತ್ತಾನೆಯೇ? ಆದರೂ ಬರಿಗೈಯಲ್ಲಿ ವಾಪಸು ಬರುತ್ತಾಳೆ. ಹೋದ ಮಳೆಗಾಲವನ್ನೆಲ್ಲ ಕಡ್ಡಿ ಮುರಿದ ಹಳೆಯ ಕೊಡೆಯಲ್ಲೇ ಕಳೆದಳು, ಎಡಭುಜ ನೆನೆಸಿಕೊಂಡು.

ಮೊದಲು ಹೀಗಿರಲಿಲ್ಲ. ಗಂಡ ತೀರಿಕೊಂಡಾಗ ಎದೆಗುಂದದೆ ಓಣಿಯಲ್ಲೊಂದು ಕೋಣೆ ಹಿಡಿದು, ಚಪ್ಪಲಿ ಅಂಗಡಿಗಳಿಗೆ ರಟ್ಟಿನ ಡಬ್ಬಿ ಮಾಡಿಕೊಡಲು ಶುರುಮಾಡಿದ ಗಟ್ಟಿಗಿತ್ತಿ. ರಟ್ಟು ಮಾರುವವನಿಗೆ ದುಡ್ಡು ಅಂದೇ ಕೊಡಬೇಕು, ಚಪ್ಪಲಿ ಅಂಗಡಿಯವರು ಕೊಡುವುದು ಎರಡು ತಿಂಗಳ ಮೇಲೆ. ನಡುವಿನ ಆ ತೂತನ್ನು ಬ್ಯಾಂಕಿನ ಸಾಲ ಮುಚ್ಚುತ್ತಿತ್ತು. ಕೆಲಸ ಕೈಹಿಡಿದಾಗ ಯಾರನ್ನೂ ಕೇಳದೆ ರಟ್ಟು ಕತ್ತರಿಸುವ ಎರಡನೆಯ ಯಂತ್ರ ತಂದಳು. ಅದು ಬಂದು ವರ್ಷ ತುಂಬುವುದರೊಳಗೆ ಬ್ಯಾಂಕು ಸಾಲ ನಿಲ್ಲಿಸಿ, ಕೊಟ್ಟದ್ದನ್ನೂ ವಾಪಸು ಕೇಳಿತು. ಎರಡೂ ಯಂತ್ರ ಸಿಕ್ಕಿದ ಬೆಲೆಗೆ ಹೋದವು. ಆಮೇಲೆ ಬೇರೆಯವರ ಕಾರ್ಖಾನೆಯಲ್ಲಿ ಡಬ್ಬಿ ಮಡಚಿ ಮಡಚಿ ಮಗಳನ್ನು ಓದಿಸಿದಳು. "ನನ್ನ ದುರಾಸೆ. ಒಂದು ಯಂತ್ರ ಸಾಕಾಗ್ತಿರಲಿಲ್ವಾ?" ಎನ್ನುವುದು ಅವಳಿಗೆ ಬಾಯಿಪಾಠವಾಗಿಬಿಟ್ಟಿತು.

ಓದಿದ ಮಗಳು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಡಂ ಆದಳು. ಬ್ಯಾಂಕಿಗೆ ಪೆಟ್ಟು ಬಿದ್ದರೆ ಅದರ ಸಾಲ ನಂಬಿ ಬದುಕುವವರ ಗತಿ ಏನಾಗುತ್ತದೆ ಎನ್ನುವುದು ಅವಳ ಸಂಶೋಧನೆ. ಅಮ್ಮ ಡಬ್ಬಿ ಮಾಡುತ್ತಿದ್ದ ಕಾಲಕ್ಕೆ ಊರಿನಲ್ಲಿ ಎರಡು ಬ್ಯಾಂಕುಗಳಿದ್ದವು. ಒಂದು, ಅಮ್ಮನಿಗೆ ಸಾಲ ಕೊಟ್ಟಿದ್ದು, ಎಲ್ಲೋ ದೂರದ ಕಟ್ಟಡದ ಕಂಪನಿಗೆ ಕಣ್ಣುಮುಚ್ಚಿ ಸಾಲ ಕೊಟ್ಟು ಕೈಸುಟ್ಟುಕೊಂಡು, ಆ ಉರಿಯನ್ನು ಓಣಿಯ ಬಡಪಾಯಿಗಳ ಮೇಲೆ ತೀರಿಸಿಕೊಂಡಿತ್ತು. ಇನ್ನೊಂದಕ್ಕೆ ಕೂದಲೂ ಕೊಂಕಿರಲಿಲ್ಲ. ಮಗಳು ವರ್ಷಗಟ್ಟಲೆ ಬಾಗಿಲು ಬಾಗಿಲು ತಟ್ಟಿ, ಅಂಗಡಿ ಮುಚ್ಚಿ ಹೋದವರನ್ನೂ ಹುಡುಕಿ ಹಿಡಿದು, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದಳು. ಉತ್ತರ ನಿಚ್ಚಳವಾಗಿತ್ತು. ಮೊದಲನೆಯ ಬ್ಯಾಂಕಿನ ಸಾಲ ನಂಬಿದವರಲ್ಲಿ ಹೆಚ್ಚಿನವರು ಮುಳುಗಿದ್ದರು, ಹೊಸ ಯಂತ್ರ ಕೊಂಡವರೂ ಕೊಳ್ಳದವರೂ. ಎರಡನೆಯದರ ಸಾಲ ನಂಬಿದವರು ಯಂತ್ರ ಕೊಂಡು ಬೆಳೆದಿದ್ದರು.

ಉತ್ತರ ಸಿಕ್ಕ ದಿನ ಸಂಜೆ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು. ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು.

"ಅಮ್ಮಾ, ನಿನ್ನ ತಪ್ಪಲ್ಲ. ಲೆಕ್ಕ ಮುಗೀತು. ಯಾರ ತಪ್ಪೂ ಅಲ್ಲ, ಬ್ಯಾಂಕಿಂದೇ."

ಅಮ್ಮ ಎಲ್ಲವನ್ನೂ ಕಿವಿಗೊಟ್ಟು ಕೇಳಿದಳು. "ಅದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದೀಯ?"

ಮಗಳು ತಡವರಿಸಿದಳು. "ನಿನ್ನನ್ನ ಸೇರಿಸಿಲ್ಲಮ್ಮ. ಹತ್ತಿರದವರನ್ನ ಸೇರಿಸಬಾರದು. ಮನಸ್ಸು ಒಂದು ಕಡೆ ವಾಲುತ್ತೆ."

"ಸರಿ ಬಿಡು. ಅವರೆಲ್ಲ ಬ್ಯಾಂಕಿಂದ ಮುಳುಗಿದ್ರು. ನಾನೊಬ್ಬಳು ದುರಾಸೆಯಿಂದ ಮುಳುಗಿರಬಹುದಲ್ಲ?"

ಮಗಳಿಗೆ ಪಿಚ್ಚೆನಿಸಿತು. ಇಷ್ಟೆಲ್ಲ ಓಡಾಡಿದ್ದು ಯಾರಿಗಾಗಿ? ಬೆರಳ ತುದಿ ಸವೆಯುವಷ್ಟು ಡಬ್ಬಿ ಮಡಚಿ ತನ್ನನ್ನು ಈ ಮಟ್ಟಕ್ಕೆ ತಂದವಳು ಒಂದು ಕೊಡೆಯನ್ನಾದರೂ ಧೈರ್ಯವಾಗಿ ಕೊಳ್ಳಲಿ ಎಂದಲ್ಲವೇ? ಅವಳು ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹಾಗಾದ್ರೆ ಈಗ ಕೇಳ್ತೀನಿ. ಹೇಳಿ ಅಮ್ಮಾವ್ರೇ, ಆ ವರ್ಷ ಆರ್ಡರ್ ಹೇಗಿತ್ತು?"

"ಎರಡು ಯಂತ್ರಕ್ಕೂ ಉಸಿರಾಡೋಕೆ ಪುರುಸೊತ್ತಿರಲಿಲ್ಲ."

"ಕಂತು ತಪ್ಪಿಸಿದ್ರಾ?"

"ಬಾಯಿಗೆ ಬಂದದ್ದು ಕೇಳಬೇಡ. ಒಂದೂ ಇಲ್ಲ."

ಉಳಿದದ್ದು ಕೊನೆಯ ಪ್ರಶ್ನೆ. ಮೊದಲೇ ವ್ಯಾಪಾರ ಕೈಲಾಗದವರೇ ಸೇರಿ ಆ ಬ್ಯಾಂಕನ್ನು ಹಿಡಿದಿದ್ದರೆ, ತಪ್ಪು ಬ್ಯಾಂಕಿನದು ಎನ್ನುವ ಲೆಕ್ಕವೇ ತಲೆಕೆಳಗಾಗುತ್ತಿತ್ತು, ಅದಕ್ಕೇ ಇದನ್ನು ಕೇಳದೆ ಯಾರನ್ನೂ ಬಿಟ್ಟಿರಲಿಲ್ಲ. "ಎರಡು ಬ್ಯಾಂಕ್ ಇದ್ದಾಗ ಅದನ್ನೇ ಯಾಕೆ ಹಿಡಿದ್ರಿ?"

"ಅದರ ಕಿಟಕಿಯಿಂದ ನಿನ್ನ ಶಾಲೆ ಗೇಟು ಕಾಣ್ತಿತ್ತು. ಕ್ಯೂನಲ್ಲಿ ನಿಂತಾಗ ನೀನು ಹೊರಗೆ ಬಂದ್ರೆ ಗೊತ್ತಾಗ್ತಿತ್ತು. ಇನ್ನೊಂದು ಬ್ಯಾಂಕಿಂದ ಬರೀ ಗೋಡೆ ಕಾಣ್ತಿತ್ತು."

ಮಗಳು ಎಷ್ಟೋ ಜನರ ಕಾರಣ ಕೇಳಿದ್ದಳು, ಇಂಥದ್ದೊಂದನ್ನು ಕೇಳಿರಲಿಲ್ಲ. "ಹಾಗಾದ್ರೆ ಎಲ್ಲ ಹೋಗಿದ್ದು ನನ್ನಿಂದಾನೇ ಅಮ್ಮಾ..."

"ಹುಚ್ಚಿ!" ಅಮ್ಮ ಗದರಿದಳು. "ಬ್ಯಾಂಕು ಮುಳುಗತ್ತೆ ಅಂತ ಯಾರಿಗೆ ಗೊತ್ತಿತ್ತು? ಗೊತ್ತಿಲ್ಲದೆ ಆದದ್ದಕ್ಕೆ ತಪ್ಪು ಅಂತಾರಾ ಯಾರಾದ್ರೂ?"

ಅಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಉಳಿಯಿತು.

"ಯಾರಿಗೂ ಗೊತ್ತಿರಲಿಲ್ಲ, ಅಲ್ವಾ?" ಎಂದಳು ಮೆಲ್ಲಗೆ.

"ಇಲ್ಲಮ್ಮ."

"ನನಗೂ ಗೊತ್ತಿರಲಿಲ್ಲ." ಕಣ್ಣೊರೆಸಿಕೊಂಡಳು, ನಕ್ಕಳು. "ಒಳ್ಳೇ ಯಂತ್ರ ಕಣೇ ಅದು. ಎಷ್ಟು ದಪ್ಪ ರಟ್ಟು ಕೊಟ್ರೂ ಒಂದೇ ಏಟಿಗೆ ಕತ್ತರಿಸೋದು."

ಮಗಳು ಅವಳ ಒರಟು ಬೆರಳುಗಳನ್ನು ಹಿಡಿದು ಕೆನ್ನೆಗೊತ್ತಿಕೊಂಡಳು. "ನಿನ್ನ ಋಣ ಯಾವ ಬ್ಯಾಂಕಲ್ಲೂ ತೀರಲ್ಲ ಅಮ್ಮ" ಎಂದಳು. ಅಮ್ಮ "ಬಡ್ಡಿ ಕೇಳಲ್ಲ ಬಿಡು" ಎಂದು ಹುರುಳಿಕಾಯಿಯ ಬುಟ್ಟಿಯನ್ನು ಅವಳ ಮುಂದೆ ತಳ್ಳಿದಳು.

ಮಾರನೆಯ ದಿನ ಕಾಲೇಜಿನಿಂದ ಬಂದರೆ ಬಾಗಿಲ ಹಿಂದೆ ಹೊಸ ಕೊಡೆ.

"ಯಾರನ್ನ ಕೇಳಿ ತಂದೆ?"

"ಯಾರನ್ನ ಕೇಳಬೇಕಿತ್ತು?" ಒಳಗಿನಿಂದ ಅಮ್ಮನ ದನಿ ಬಂತು. "ಸರಿಯಾಗಿ ನೋಡು. ಎರಡು ತಗೊಂಡಿದ್ದೀನಿ."