ತೊಳೆದಿಟ್ಟ ಮಡಕೆ ಚೂರು

ಸೊಸೆಯ ತಾಯಿ ತ್ರಿಪ್ಪುಣಿತ್ತುರದಿಂದ ತಿರುವನಂತಪುರದ ನಮ್ಮ ಮನೆಗೆ ಬಂದರೆ ನನಗೆ ಅನ್ನ ರುಚಿಸುತ್ತಿರಲಿಲ್ಲ. ಸುಳ್ಳು ಯಾಕೆ, ಹೊಟ್ಟೆಕಿಚ್ಚು. ಅವರು ನಿವೃತ್ತ ಟೀಚರು. ನಾನು ಕಾಸರಗೋಡಿನವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮೊಮ್ಮಗಳನ್ನು ಮೀಯಿಸಿ ಉಣ್ಣಿಸಿ ದೊಡ್ಡ ಮಾಡಿದ್ದು ನಾನು. ಅವಳು ಕೂತು ಹರಟುವುದು ಆ ಅಮ್ಮಮ್ಮನ ಹತ್ತಿರ.

ಎರಡು ಸಾವಿರದ ಐದೋ ಆರೋ ಇರಬೇಕು. ಮಳೆಗಾಲದ ಕಡಲು ವಿಳಿಂಜಂ ಹತ್ತಿರ ದಡವನ್ನು ಕೊರೆದು ಗೋಡೆಯ ಹಾಗೆ ನಿಲ್ಲಿಸಿತ್ತು. ಆ ಮಣ್ಣಿನಿಂದ ಹಳೇ ಕಾಲದ ಮಡಕೆ ಚೂರುಗಳು ಇಣುಕುತ್ತಿದ್ದವು. ಕಾಲೇಜಿನಲ್ಲಿ ಚರಿತ್ರೆ ಓದುತ್ತಿದ್ದ ಮೊಮ್ಮಗಳು, ಕಡಲು ಒಯ್ಯುವ ಮೊದಲು ಎಲ್ಲ ಬರೆದಿಡಬೇಕೆಂದು ದಿನಾ ಹೋಗುವಳು. ಜೊತೆಗೆ ಟೀಚರಮ್ಮ. ನಾನೂ ಬರುತ್ತೇನೆಂದರೆ ಅಜ್ಜಿಗೆ ಬಿಸಿಲು ಆಗದು ಎಂದರು. ಟೀಚರಮ್ಮ ನನಗಿಂತ ಎರಡು ವರ್ಷ ದೊಡ್ಡವರು.

ಒಂದು ಭಾನುವಾರ ಅವರಿಬ್ಬರೂ ದೇವಸ್ಥಾನಕ್ಕೆ ಹೋದಾಗ ನಾನು ಬಸ್ಸು ಹತ್ತಿದೆ. ಮೀನು ಮಾರುವವಳೊಬ್ಬಳು ಜಾಗ ತೋರಿಸಿದಳು. ಬೆರಳಿನಲ್ಲೇ ಕಿತ್ತು ಹನ್ನೊಂದು ಚೂರು ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ, ಊರಿನಿಂದ ತಂದಿಟ್ಟ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಮಸಿ ಹೋಗುವವರೆಗೆ ತಿಕ್ಕಿದೆ. ಪೇಪರು ಹಾಸಿ ಜೋಡಿಸಿದೆ. ಟೀಚರಮ್ಮ ಇಷ್ಟು ದಿನದಲ್ಲಿ ಒಂದನ್ನಾದರೂ ತಂದಿದ್ದರೇ?

ಮೊಮ್ಮಗಳು ಒಂದು ಚೂರು ಎತ್ತಿ ತಿರುವಿ ನೋಡಿ, ಎಲ್ಲ ಹಾಳಾಯಿತು ಎಂದಳು. ಟೀಚರಮ್ಮ ಮಲಯಾಳದಲ್ಲಿ ಮೆಲ್ಲಗೆ ವಿವರಿಸಿದರು, ಒಂದನೇ ಕ್ಲಾಸಿನ ಮಗುವಿಗೆ ಹೇಳುವ ಹಾಗೆ: ಯಾವ ಮಣ್ಣಿನ ಪದರದಲ್ಲಿತ್ತು ಎಂಬುದರಿಂದ ಅದರ ವಯಸ್ಸು ತಿಳಿಯುವುದಂತೆ, ಮಸಿಯಿಂದ ಆ ಕಾಲದ ಅಡಿಗೆ ತಿಳಿಯುವುದಂತೆ.

"ಮಸಿ ಹಿಡಿದ ಪಾತ್ರೆ ಯಾರಾದರೂ ಒಳಗಿಡುತ್ತಾರಾ?" ಎಂದೆ.

ಆಮೇಲೆ ಒಂದೊಂದೇ ಚೂರು ಎತ್ತಿ ಹೇಳಿದೆ. ಇದು ಪಾದದ ಹತ್ತಿರ, ಚಿಪ್ಪು ಬೆರೆತ ಕಪ್ಪು ಮಣ್ಣಿನಲ್ಲಿತ್ತು. ಇದು ಸೊಂಟದ ಮಟ್ಟ. ಇದಕ್ಕೆ ಕೈ ಎತ್ತಬೇಕಾಯಿತು. ಅಡಿಗೆಮನೆಯಲ್ಲಿ ಐವತ್ತು ವರ್ಷ ನಿಂತವಳಿಗೆ ಯಾವುದು ಎಲ್ಲಿತ್ತು ಎಂಬುದು ಮರೆಯುವುದಿಲ್ಲ. ಮೊಮ್ಮಗಳು ಪೆನ್ಸಿಲು ತೆಗೆದಳು.

ಮರುದಿನ ನನ್ನನ್ನೇ ಕರೆದುಕೊಂಡು ಹೋದಳು, ಟೀಚರಮ್ಮನೂ ಬಂದರು. ದಡದಲ್ಲಿ ನಾನು ಕಿತ್ತ ಗುಳಿಗಳಲ್ಲಿ ನಾಲ್ಕೇ ಉಳಿದಿದ್ದವು, ಉಳಿದ ಮಣ್ಣು ಕಡಲಿಗೆ ಹೋಗಿತ್ತು. ಅಳತೆ ಟೇಪಿನ ತುದಿ ನನ್ನ ಕೈಗೆ ಕೊಟ್ಟು ಮೊಮ್ಮಗಳು ಹೇಳಿದಳು, "ಅಜ್ಜಿ, ತೊಳೆದದ್ದು ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ."

ಹೇಳಿದ್ದು ಕನ್ನಡದಲ್ಲಿ. ಏನಂದಳು ಎಂದು ಟೀಚರಮ್ಮ ಎರಡು ಸಲ ಕೇಳಿದರು. ನಾನು ಹೇಳಲಿಲ್ಲ.