ಅಮುದಾಳ ಬಾಯಿಗೆ ಸುಮತಿಯ ದನಿ

ಬೆಳಗಿನ ಆರು ಗಂಟೆ. ಚೆನ್ನೈನ ಕೋಡಂಬಾಕ್ಕಂನ ಓಣಿಯೊಂದರ ಮಹಡಿ ಮೇಲಿನ ಡಬ್ಬಿಂಗ್ ಕೋಣೆಯಲ್ಲಿ ಸುಮತಿ ಕೈಬಳೆ ಕಳಚಿ ಪರ್ಸಿಗೆ ಹಾಕುತ್ತಿದ್ದಾರೆ. ಮೈಕಿಗೆ ಬಳೆಯ ಸದ್ದು ಆಗದು, ರೇಷ್ಮೆ ಸೀರೆಯ ಸರಬರ ಮೊದಲೇ ಆಗದು. ಅದಕ್ಕೇ ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ. ತಮಿಳು ಧಾರಾವಾಹಿಯ ಕಂತೊಂದು ಇವತ್ತೇ ಸಂಜೆ ಕನ್ನಡದಲ್ಲಿ ಬರಬೇಕು. ಪರದೆಯ ಮೇಲೆ ಅತ್ತೆ ಸೊಸೆಯ ಕೆನ್ನೆಗೆ ಬಾರಿಸುತ್ತಾಳೆ. ಸುಮತಿ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದು ಬಿಕ್ಕುತ್ತಾರೆ: "ತಪ್ಪಾಯ್ತು ಅತ್ತೆ, ಕ್ಷಮಿಸಿ."

"ಸುಮತಕ್ಕ, ಇನ್ನೊಂಚೂರು ಮೆತ್ತಗೆ," ಗಾಜಿನಾಚೆಯಿಂದ ರೆಕಾರ್ಡಿಸ್ಟ್ ಶ್ರೀಶ ಹೇಳುತ್ತಾನೆ. "ಕೋಪ ಕೇಳಿಸ್ತಾ ಇದೆ."

ಹೊಡೆಸಿಕೊಂಡವಳಿಗೆ ಕೋಪ ಬರಬಾರದು. ಈ ಕೋಣೆಯಲ್ಲಿ ಅದನ್ನು ಯಾರೂ ಗೋಡೆಗೆ ಬರೆದು ಅಂಟಿಸಿಲ್ಲ, ಆದರೆ ಎಲ್ಲರಿಗೂ ಗೊತ್ತು. ಸುಮತಿ ಇನ್ನೊಮ್ಮೆ ಬಿಕ್ಕುತ್ತಾರೆ, ಮೆತ್ತಗೆ.

ಅಪ್ಪ ಕುಂದಾಪುರ ಕಡೆಯಿಂದ ಬಂದು ಅಡ್ಯಾರಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡೂ ಸಲೀಸು. ಆ ಎರಡು ನಾಲಿಗೆಯೇ ಸುಮತಿಗೆ ಅನ್ನ ಕೊಟ್ಟಿತು. ಮೊದಮೊದಲು ಮದುವೆಮನೆ, ಆಸ್ಪತ್ರೆ ದೃಶ್ಯಗಳಲ್ಲಿ ಗುಂಪಿನ ಗದ್ದಲಕ್ಕೆ ದನಿ. ಆಮೇಲೆ ನಾಯಕಿಯ ತಂಗಿ, ಆಮೇಲೆ ನಾಯಕಿ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಸಂಜೆ ಅಳುವುದು ಇವರೇ. ಪಲ್ಲಾವರಂನ ಮನೆಯಿಂದ ದಿನಾ ಹತ್ತುವ ಎಲೆಕ್ಟ್ರಿಕ್ ಟ್ರೈನಿನಲ್ಲಿ ಮಾತ್ರ ಒಬ್ಬರೂ ತಿರುಗಿ ನೋಡುವುದಿಲ್ಲ. ಧಾರಾವಾಹಿಯ ಕೊನೆಯಲ್ಲಿ ಓಡುವ ಹೆಸರುಗಳಲ್ಲೂ ಇವರ ಹೆಸರಿಲ್ಲ.

"ಅದಕ್ಕೆಲ್ಲ ಬೇಜಾರಿಲ್ಲ ಮಾರಾಯ್ರೇ," ಎನ್ನುತ್ತಾರೆ ಸುಮತಿ. "ಗಂಟಲಿಗೆ ಮಾತ್ರ ಕಷ್ಟ. ಕೂಗುವುದಕ್ಕಿಂತ ಅಳುವುದು ಜಾಸ್ತಿ ಉರೀತದೆ, ಗೊತ್ತುಂಟಾ? ಡಾಕ್ಟರು ಬಾಯಿ ಮುಚ್ಚಿ ಕೂತ್ಕೊಳ್ಳಿ ಅಂತಾರೆ. ಬಾಯಿ ಮುಚ್ಚಿದ್ರೆ ಅಕ್ಕಿ ಎಲ್ಲಿಂದ?"

ಮಗಳು ವೀಕ್ಷಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಅಮ್ಮಾ, ಉನ್ ಹೀರೋಯಿನ್ ಒರು ನಾಳಾವದು ತಿರುಪ್ಪಿ ಅಡಿಪ್ಪಾಳಾ?" ನಿನ್ನ ನಾಯಕಿ ಒಂದು ದಿನವಾದರೂ ತಿರುಗಿ ಹೊಡೀತಾಳಾ ಎಂಬ ಈ ತಮಾಷೆಗೆ ತಾಯಿ ಮೊದಲು ನಗುತ್ತಿದ್ದರು. ಅಮುದಾಳ ಸಂಗತಿ ಆದಮೇಲೆ ನಗುವುದಿಲ್ಲ.

ಅಮುದಾ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹೂಕುಂಡ, ಸಸಿ ಮಾರುತ್ತಿದ್ದ ಹೆಂಗಸು. ವರ್ಷಗಟ್ಟಲೆ ಬಿಸಿಲಲ್ಲಿ ಕೂಗಿ ಕೂಗಿ ಗಂಟಲು ದೊರಗಾಗಿತ್ತು. ಸಂತೆಯ ಆ ಕಡೆ ಕೂಗಿದರೆ ಈ ಕಡೆ ಜನ ತಿರುಗಿ ನೋಡಬೇಕು, ಅಂಥ ದನಿ. ಹಿಂದಿನ ಚುನಾವಣೆಯಲ್ಲಿ ವಾರ್ಡ್ ಮಹಿಳೆಯರಿಗೆ ಮೀಸಲಾದಾಗ, ತಾನೇ ನಿಲ್ಲಬೇಕೆಂದು ಓಡಾಡುತ್ತಿದ್ದ ಗಂಡ ಹೆಂಡತಿಯನ್ನು ನಿಲ್ಲಿಸಿದ. ಆಟೋಗೆ ಮೈಕು ಕಟ್ಟಿ ಬೀದಿ ಬೀದಿ ಸುತ್ತಿಸಲು ಅವಳ ಮಾತು ಬೇಕಿತ್ತು. ಆದರೆ ಅವಳ ದನಿ ಗಂಡಸಿನ ಹಾಗಿದೆ, ಹೆಂಗಸರಿಗೂ ಹಿಡಿಸುವುದಿಲ್ಲ ಎಂದು ಅವನೇ ತೀರ್ಮಾನಿಸಿದ. ಸಿನಿಮಾದವರು ನಟಿಯ ದನಿ ಒರಟಾಗಿದ್ದರೆ ಮಾಡುವುದನ್ನೇ ಮಾಡಿದ. ಸುಮತಿಯನ್ನು ಕರೆಸಿದ.

"ನಾನು ಅಮುದಾ, ನಿಮ್ಮನೆ ಮಗಳು ಮಾತಾಡ್ತಿದ್ದೇನೆ" ಎಂದು ಸುಮತಿ ತಮಿಳಿನಲ್ಲಿ ಜೇನು ಸುರಿಸಿದರು. ರೆಕಾರ್ಡಿಂಗ್ ಬೇಗ ಮುಗಿಯಿತು, ಆಟೋ ಬೀದಿ ಬೀದಿ ಸುತ್ತಿತು. ಅಮುದಾ ಗೆದ್ದರು.

ಗೆದ್ದಮೇಲೆ ಬೀದಿಯ ತುದಿಯಲ್ಲಿ ಧನ್ಯವಾದ ಹೇಳುವ ಸಭೆ. ಕರೆ ಬಂದಿತ್ತು, ಸುಮತಿಯೂ ಹೋಗಿ ಹಿಂದೆ ನಿಂತಿದ್ದರು. ಅಮುದಾ ಮೈಕು ಹಿಡಿದು ತನ್ನದೇ ದನಿಯಲ್ಲಿ ಒಂದು ಮಾತು ಆಡಿದ್ದೇ ತಡ, ಜನ ನಕ್ಕುಬಿಟ್ಟರು. ಓಟು ಕೇಳಿದವಳು ಇವಳಲ್ಲ ಎಂದು ಯಾರೋ ಕೂಗಿದರು. ಅಮುದಾ ಸುತ್ತ ಒಮ್ಮೆ ನೋಡಿ ಮೈಕನ್ನು ಗಂಡನ ಕೈಗೆ ಕೊಟ್ಟರು. ಅವತ್ತಿನಿಂದ ಅದು ಅವನ ಕೈಯಲ್ಲೇ ಇದೆ. ಚರಂಡಿ ಕಟ್ಟಿಕೊಂಡಿದೆ ಎಂದು ಹೇಳಲು ಹೋದರೂ ಮಾತಾಡುವವನು ಅವನೇ. ಅಮುದಾರಿಗೆ ಪಕ್ಕದ ಕುರ್ಚಿ.

"ಪರದೆ ಮೇಲಿನವರು ನಿಜವಾದ ಹೆಂಗಸರಲ್ಲ, ಅತ್ತು ಬಂದ್ರೆ ಮುಗೀತು," ಎನ್ನುತ್ತಾರೆ ಸುಮತಿ. "ಇವಳು ನಿಜವಾದವಳು. ಪಾವಂ, ಪಾಪ, ಅವಳ ಬಾಯಿಗೆ ನಾನೇ ಬಟ್ಟೆ ತುರುಕಿದ ಹಾಗಾಯ್ತು. ಆಗ ನಂಗೆ ಹೊಳೀಲೇ ಇಲ್ಲ. ಯಾಕೆ ಹೊಳೀಲಿಲ್ಲ ಅಂತ ನನ್ನನ್ನೇ ಬೈಕೊಳ್ತೇನೆ."

ಈಗ ಮತ್ತೆ ಚುನಾವಣೆಯ ಗಾಳಿ. ಮೊನ್ನೆ ಅಮುದಾಳ ಗಂಡ ಪುನಃ ಬಂದಿದ್ದ. ಈ ಸಲ ಸುಮತಿ ಒಲ್ಲೆ ಎಂದರು. ಅಮುದಾಳನ್ನೇ ಕರೆದುಕೊಂಡು ಬನ್ನಿ, ನಾನು ಪಕ್ಕದಲ್ಲಿ ನಿಂತು ಹೇಳಿಕೊಡುತ್ತೇನೆ, ಅವಳ ದನಿಯೇ ಹೋಗಲಿ ಬೀದಿಗೆ ಎಂದು ಹಟ ಹಿಡಿದರು. ಶ್ರೀಶನನ್ನು ಕಾಡಿಬೇಡಿ, ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಕೋಣೆ ಖಾಲಿ ಮಾಡಿಸಿದರು.

ಅಮುದಾ ಬಂದರು. ಕುಡಿಯಲು ಬಿಸಿನೀರು ಕೊಟ್ಟು, ಬೆನ್ನು ಸವರಿ, ಸಂತೆಯಲ್ಲಿ ಕೂಗುತ್ತಿದ್ದ ಹಾಗೇ ಮಾತಾಡು ಅಂದರು ಸುಮತಿ. ಕೆಂಪು ದೀಪ ಹತ್ತಿತು. ಅಮುದಾ ಕಣ್ಣು ಮುಚ್ಚಿ ಬಾಯಿ ತೆರೆದರು.

ಬಂದದ್ದು ಸುಮತಿಯ ದನಿ. ಅದೇ ಜೇನು, ಅದೇ ಎಳೆತ, ಮಾತಿನ ಕೊನೆಗೆ ಅದೇ ಸಣ್ಣ ನಡುಕ. ಆ ಹಳೆಯ ರೆಕಾರ್ಡನ್ನು ಫೋನಿನಲ್ಲಿ ಹಾಕಿಕೊಂಡು ಅಡುಗೆಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡಿದ್ದರಂತೆ, ಇನ್ನೊಂದು ಸಲ ಜನ ನಗಬಾರದೆಂದು.

ಸುಮತಿ ಬೇಡಿಕೊಂಡರು. ನಿನ್ನ ದನಿ ತೆಗಿ ತಾಯಿ, ಒಂದೇ ಒಂದು ಸಲ ಕೂಗು ಅಂದರು. ಅಮುದಾ ಎರಡು ಸಲ ಪ್ರಯತ್ನಿಸಿ, ಗಂಟಲು ಮುಟ್ಟಿಕೊಂಡು ಬರುತ್ತಿಲ್ಲ ಎಂದು ತಲೆಯಾಡಿಸಿದರು. ಗಂಡನಿಗೋ ಹಿಗ್ಗೇ ಹಿಗ್ಗು. ಸುಮತಕ್ಕ, ಇನ್ನು ನಿಮ್ಮನ್ನು ಕರೆಸುವ ತೊಂದರೆಯೇ ಇಲ್ಲ ಎಂದು ನಗುತ್ತ ಹೆಂಡತಿಯನ್ನು ಕರೆದುಕೊಂಡು ಹೋದ.

ಊಟ ಮುಗಿಸಿದವರು ಒಳಗೆ ಬರುತ್ತಿದ್ದಾರೆ. ಸುಮತಿ ಮೈಕಿನ ಮುಂದೆ ಹೋಗಿ ನಿಲ್ಲಬೇಕು, ಇನ್ನೂ ನಿಂತಿಲ್ಲ.

"ಶುಕ್ರವಾರ ರಜೆ ಕೇಳಿದ್ದೇನೆ," ಎನ್ನುತ್ತಾರೆ. "ಅವಳ ಕೈ ಹಿಡ್ಕೊಂಡು ಸಂತೆಗೆ ಹೋಗ್ತೇನೆ. ಆ ಗದ್ದಲದಲ್ಲಿ ನಿಲ್ಲಿಸಿದ್ರೆ ಅವಳ ದನಿ ಬಂದೀತಾ ಅಂತ. ಬಾರದಿದ್ರೆ ಮುಂದಿನ ಶುಕ್ರವಾರ. ಅವಳು ಕೂಗೋದನ್ನ ಒಂದು ಸಲ ನಾನು ಕೇಳ್ಬೇಕು ಮಾರಾಯ್ರೇ. ಬೈದು ಕೂಗಿದ್ರೂ ಸರಿ, ನನ್ನನ್ನೇ ಬೈದ್ರೂ ಸರಿ."