ಹೆಸರು ಕೂಗಿಸಿದ ಅಯ್ಯ

ಸುಮ್ಮನಿರುತ್ತೇನೆಂದು ಮಾತು ಕೊಟ್ಟ ಬೆಳಿಗ್ಗೆ ನಾನು ಸುಮ್ಮನಿರಲಿಲ್ಲ. ನನ್ನ ತಪ್ಪು ಇಷ್ಟೇ. ಇದನ್ನು ತಂಗಿ ಗಂಗೆಯ ಮುಂದೆ ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಮೊನ್ನೆ ಅವಳ ಮಗಳು ಶಾಲೆಯ ಪುಸ್ತಕ ಬಿಚ್ಚಿದಳು. ಗಡ್ಡದ, ಕೆನ್ನೆ ಬತ್ತಿದ ಅದೇ ಮುಖ: ಗುಲಾಮರನ್ನು ಬಿಡಿಸಿದ ಅಮೆರಿಕದ ಅಧ್ಯಕ್ಷ. ನನಗೋ, ಆಗ ನಾವು ಕೂಲಿಗಿದ್ದ ಪಾಲಿಬೆಟ್ಟದ ತೋಟದ ಕಣದಲ್ಲಿ ಒಣಗುವ ಕಾಫಿಯ ಹುಳಿವಾಸನೆ ಮೂಗಿಗೆ ಬಡಿಯಿತು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಕೂಲಿಯವರ ಲೈನುಮನೆಗಳ ಸಾಲಿನಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ನನ್ನ ಜಂಬ ಕೇಳಬೇಡಿ. ಯಾರೋ ಬಿಸಾಡಿದ ಪಾಠಪುಸ್ತಕದಿಂದ ಆ ಅಧ್ಯಕ್ಷನ ಕಥೆಯನ್ನು ಒಂದು ಭಾನುವಾರ ಕಣದ ಅಂಚಿನಲ್ಲಿ ಕೂತು ಎಲ್ಲರಿಗೂ ಓದಿ ಹೇಳುತ್ತಿದ್ದೆ. ಮರದ ದಿಮ್ಮಿಯ ಮನೆಯಲ್ಲಿ ಹುಟ್ಟಿದವನು, ಕೊಡಲಿ ಹಿಡಿದು ದುಡಿದವನು ಎಂದಾಗ ಪಕ್ಕದ ಮನೆಯ ಚೋಮಕ್ಕ, "ನಮ್ ಮರಗಸಿಗೆ, ಕೊಂಬೆ ಕಡಿಯಾಕೆ, ಬೇಕಿತ್ತು ನೋಡು ಅಂಥ ಆಳು!" ಎಂದು ಎಲ್ಲರನ್ನೂ ನಗಿಸಿದಳು.

ಗಂಗೆ ನಗಲಿಲ್ಲ. "ಅಣ್ಣಯ್ಯ, ಬಿಡಿಸಿದ್ ಮೇಲೆ ಆ ಗುಲಾಮ್ರನ್ನ ಹೆಸ್ರು ಹಿಡ್ದು ಕರೆದ್ರಾ?"

ಪುಸ್ತಕದಲ್ಲಿ ಅದಿರಲಿಲ್ಲ. "ಕರೀದೆ ಇರ್ತಾರಾ?" ಎಂದುಬಿಟ್ಟೆ.

ನಮ್ಮ ತೋಟದ ಹಾಜರಿಯಲ್ಲಿ ಹೆಂಗಸರಿಗೆ ಹೆಸರಿರಲಿಲ್ಲ. ಗಂಡಸಿನ ಹೆಸರು ಕೂಗಿ, ಹಾಜರಿ ಬರೆಯುವ ರೈಟರು "ಇವನ ಹೆಂಡ್ತಿ", "ಇವನ ತಂಗಿ" ಎಂದು ಬೆರಳು ತೋರುತ್ತಿದ್ದರು.

"ನಾಳೆ ನನ್ ಹೆಸ್ರು ಕೂಗೋವರ್ಗೂ ಓಗೊಡಲ್ಲ. ನೀನೂ ಸುಮ್ನಿರ್ಬೇಕು," ಎಂದಳು ಗಂಗೆ. ಹೂಂ ಎಂದೆ.

ಬೆಳಿಗ್ಗೆ ರೈಟರು "ಇವನ ತಂಗಿ" ಎಂದರು. ಗಂಗೆ ತುಟಿ ಬಿಚ್ಚಲಿಲ್ಲ. ಇನ್ನೊಮ್ಮೆ ಕೂಗಿ ನನ್ನನ್ನೇ ದಿಟ್ಟಿಸಿದರು. ತಲೆಯ ವಸ್ತ್ರ ತೆಗೆದು ಕಂಕುಳಲ್ಲಿಟ್ಟುಕೊಂಡೆ.

"ಬಂದವ್ಳೆ ಸಾಮಿ," ಎಂದೆ.

ಗಂಗೆ ನನ್ನತ್ತ ತಿರುಗಲೂ ಇಲ್ಲ. "ಇವನ ತಂಗಿ ಬಂದಿರ್ಬೌದು ರೈಟ್ರೇ. ಗಂಗೆ ಇನ್ನೂ ಬಂದಿಲ್ಲ, ಕೂಗಿ!"

ಚೋಮಕ್ಕ ತನ್ನ ಖಾಲಿ ಬುಟ್ಟಿಯನ್ನು ಕೆಳಗಿಟ್ಟಳು. ಸಾಲಿನ ಬುಟ್ಟಿಗಳೆಲ್ಲ ಒಂದೊಂದಾಗಿ ನೆಲಕ್ಕಿಳಿದವು. ಕಾಫಿ ಹಣ್ಣು ಗಿಡದಲ್ಲೇ ಕಳಿತು ಉದುರುವ ಕಾಲ ಅದು; ಕೊಯ್ಲು ಒಂದು ದಿನವೂ ನಿಲ್ಲುವಂತಿರಲಿಲ್ಲ. ಬಿಸಿಲೇರುವ ಹೊತ್ತಿಗೆ ರೈಟರು ಸೋತರು.

"ಗಂಗೆ!"

"ಇದ್ದೀನಿ!"

ಆ ದನಿ ಕೆಳಗಿನ ಗದ್ದೆಯವರೆಗೂ ಹೋಯಿತು. ಆಮೇಲೆ ಚೋಮಿ, ಪುಟ್ಟಿ, ಕಾಳಿ. ಹೆಂಗಸರು ಬೇಕೆಂದೇ ಒಬ್ಬರಿಗಿಂತ ಒಬ್ಬರು ಜೋರಾಗಿ ಓಗೊಟ್ಟರು. ನನ್ನ ಹಳೇ ಪುಸ್ತಕದಲ್ಲಿದ್ದ ಅಧ್ಯಕ್ಷನ ಚಿತ್ರವನ್ನು ಚೋಮಕ್ಕ ತನ್ನ ಮನೆಯ ಗೋಡೆಗೆ ಅಂಟಿಸಿದಳು. ಅಧ್ಯಕ್ಷನ ಹೆಸರಿಗೆ ನಾಲಿಗೆ ಹೊರಳದವರಿಗೆಲ್ಲ ಅವನು ಇವತ್ತಿಗೂ 'ಹೆಸರು ಕೂಗಿಸಿದ ಅಯ್ಯ'.

"ಮಾವ, ಹೆಸ್ರು ಕೂಗಿಸ್ದೋರು ಇವ್ರೇನಾ?" ಎಂದಳು ಮೊನ್ನೆ ಗಂಗೆಯ ಮಗಳು, ತನ್ನ ಪುಸ್ತಕ ತೋರಿಸಿ.

"ನಮ್ ತೋಟದಲ್ಲಿ ಕೂಗಿಸ್ದೋಳು ನಿಮ್ಮವ್ವ, ಮಗಾ."

ಒಲೆಯ ಮುಂದಿದ್ದ ಗಂಗೆ ತಿರುಗಿ ನೋಡಿದಳು. ಹಾಜರಿಗೆ ನಿಲ್ಲುವ ಹಾಗೆ ಎದ್ದು ನಿಂತೆ.

"ಗಂಗೆ, ಅವತ್ತು ನಿನ್ ಬದ್ಲು ನಾನು ಬಾಯಿ ಬಿಟ್ಟೆ. ತಪ್ಪಾಯ್ತು ಕಣವ್ವ."